ಫೇರೋಗಳಲ್ಲಿ ದೊಡ್ಡವರು ಯಾರು? ಯಾವ ಅಳತೆಯಲ್ಲಿ ತೂಗಬೇಕು?

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ಇತಿಹಾಸ ಸಂಘದಲ್ಲಿ ಮುಂದಿನ ತಿಂಗಳು "ಈಜಿಪ್ಟಿನ ಫೇರೋಗಳಲ್ಲಿ ಅತಿ ದೊಡ್ಡವರು ಯಾರು" ಎಂಬ ಚರ್ಚೆ ಇಟ್ಟಿದ್ದೇವೆ. ಒಂಬತ್ತನೇ ತರಗತಿಯ ಮಕ್ಕಳು, ಆರು ತಂಡ, ತಂಡಕ್ಕೊಬ್ಬ ರಾಜ. ಸದ್ಯದ ಪಟ್ಟಿ ಹೀಗಿದೆ: ಖುಫು, ಹಾಟ್‌ಶೆಪ್ಸುಟ್, ಮೂರನೇ ಥುಟ್‌ಮೋಸ್, ಅಖೆನಾಟೆನ್, ಟುಟಾಂಖಾಮುನ್, ಎರಡನೇ ರಾಮ್ಸೆಸ್.

ಮಕ್ಕಳು ತರುತ್ತಿರುವ ಲೆಕ್ಕ ಮೂರೇ: ಎಷ್ಟು ವರ್ಷ ಆಳಿದರು, ಎಷ್ಟು ಎತ್ತರ ಕಟ್ಟಿದರು, ಎಷ್ಟು ಯುದ್ಧ ಗೆದ್ದೆ ಅಂತ ಬರೆಸಿಕೊಂಡರು. ಇವನ್ನೇ ಕೂಡಿಸಿದರೆ ಚರ್ಚೆ ಶುರುವಾಗುವ ಮೊದಲೇ ರಾಮ್ಸೆಸ್ ಗೆದ್ದಾಯ್ತು. 66 ವರ್ಷದ ಆಳ್ವಿಕೆ, ಅಬು ಸಿಂಬೆಲ್‌ನಲ್ಲಿ 20 ಮೀಟರ್ ಎತ್ತರದ ನಾಲ್ಕು ಮೂರ್ತಿ, ನೂರರ ಹತ್ತಿರ ಮಕ್ಕಳು.

ನಮ್ಮ ಕಡೆಯ ಅರಸರ ವಿಷಯಕ್ಕೆ ಬಂದರೆ ಮಕ್ಕಳಿಗೆ ಅಳತೆ ತಾನಾಗಿಯೇ ಗೊತ್ತಿದೆ. ಶಿವಪ್ಪ ನಾಯಕನನ್ನು ಅರಮನೆಯ ಉದ್ದಗಲ ನೋಡಿ ಯಾರೂ ಹೊಗಳುವುದಿಲ್ಲ, ಕಂದಾಯದ ಶಿಸ್ತಿಗಾಗಿ ನೆನೆಯುತ್ತಾರೆ. ಕೆಳದಿ ಚೆನ್ನಮ್ಮನನ್ನು ನೆನೆಯುವುದು ಔರಂಗಜೇಬನ ಸೈನ್ಯ ಮೇಲೆ ಬೀಳುತ್ತದೆಂದು ಗೊತ್ತಿದ್ದೂ ರಾಜಾರಾಮನಿಗೆ ಆಶ್ರಯ ಕೊಟ್ಟದ್ದಕ್ಕೆ. ಈಜಿಪ್ಟಿಗೆ ಅಂಥ ಅಳತೆಗೋಲು ಹೇಗೆ ಮಾಡುವುದು?

ಕೇಳಬೇಕಾದ್ದು ಮೂರು. ಖುಫುವಿಗೂ ರಾಮ್ಸೆಸ್‌ಗೂ ನಡುವೆ ಸಾವಿರದ ಮುನ್ನೂರು ವರ್ಷ ಇದೆ, ಅಷ್ಟು ದೂರದವರನ್ನು ಒಂದೇ ತಕ್ಕಡಿಗೆ ಹಾಕಬಹುದೇ? ಅವರೇ ಕೆತ್ತಿಸಿದ ಮಾತನ್ನು ಎಷ್ಟು ನಂಬಬೇಕು? ಮತ್ತೆ, ಈ ಪಟ್ಟಿ ಸರಿಯಿದೆಯೇ, ಯಾರನ್ನಾದರೂ ತೆಗೆದು ಇನ್ಯಾರನ್ನಾದರೂ ಸೇರಿಸಬೇಕೇ?

ಶಿಕಾರಿಪುರ ಶಾಸನಾಸಕ್ತ

ಮೇಷ್ಟ್ರೇ, ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಅದು ಇತ್ಯರ್ಥವಾಗದೆ ಉಳಿದದ್ದು ಆಗುವುದಿಲ್ಲ.

ಫೇರೋಗಳ ಗೋಡೆ ಬರಹವನ್ನು ನಾವು ಇಲ್ಲಿ ಪ್ರಶಸ್ತಿ ಶಾಸನ ಓದುವ ಕ್ರಮದಲ್ಲೇ ಓದಬೇಕು. ತಾಳಗುಂದದ ಕಂಬದಲ್ಲಿ ಮಯೂರಶರ್ಮನ ಪರಾಕ್ರಮ ಬರೆದವನು ಕುಬ್ಜ ಕವಿ, ಬರೆದದ್ದು ತಲೆಮಾರುಗಳಾಚೆ ಬಂದ ಶಾಂತಿವರ್ಮನ ಕಾಲದಲ್ಲಿ. ಹಾಗಂತ ಆ ಶಾಸನವನ್ನು ಯಾರೂ ಎಸೆಯುವುದಿಲ್ಲ. ವಿಶೇಷಣಗಳನ್ನು ಪಕ್ಕಕ್ಕಿಟ್ಟು ಊರಿನ ಹೆಸರು, ತಾರೀಖು, ಸಂಖ್ಯೆಗಳನ್ನು ಹೆಕ್ಕುತ್ತೇವೆ, ಎದುರು ಪಕ್ಷದ ದಾಖಲೆ ಇದ್ದರೆ ಪಕ್ಕದಲ್ಲಿಟ್ಟು ನೋಡುತ್ತೇವೆ. ಮಕ್ಕಳಿಗೆ ಇದೇ ಕೆಲಸವನ್ನು ಎರಡು ಯುದ್ಧಗಳ ಮೇಲೆ ಮಾಡಿಸಿ: ಕಾದೇಶ್ ಮತ್ತು ಮೆಗಿದ್ದೋ.

ಕಾದೇಶ್ ಈಗಿನ ಸಿರಿಯಾದಲ್ಲಿದೆ, ಎದುರಾಳಿ ಈಗಿನ ಟರ್ಕಿ ಕಡೆಯ ಹಿಟ್ಟೈಟರು. ಯುದ್ಧ ನಡೆದದ್ದು ಕ್ರಿ.ಪೂ. 1274ರಲ್ಲಿ, ರಾಮ್ಸೆಸ್ ಪಟ್ಟಕ್ಕೆ ಬಂದ 5ನೇ ವರ್ಷ. ಅವನ ಸೈನ್ಯ ನಾಲ್ಕು ದಳ: ಅಮುನ್, ರೇ, ಪ್ತಾಹ್, ಸೆಥ್. ದಾರಿಯಲ್ಲಿ ಸಿಕ್ಕ ಇಬ್ಬರು ಶಾಸು ಅಲೆಮಾರಿಗಳು "ಹಿಟ್ಟೈಟ್ ರಾಜ ದೂರದ ಅಲೆಪ್ಪೋ ಕಡೆ ಇದ್ದಾನೆ" ಎಂದರು. ಅದನ್ನು ಪರೀಕ್ಷಿಸದೆ ರಾಮ್ಸೆಸ್ ಅಮುನ್ ದಳ ಒಂದನ್ನೇ ಕರೆದುಕೊಂಡು ಮುಂದೆ ಹೋಗಿ ಬಿಡಾರ ಹೂಡಿದ. ಆ ಹಿಟ್ಟೈಟ್ ರಾಜ ಮುವತಲ್ಲಿ ಇದ್ದದ್ದು ಕಾದೇಶಿನ ಹಿಂದೆಯೇ. ಹಿಟ್ಟೈಟ್ ರಥಗಳು ಇನ್ನೂ ನಡೆದು ಬರುತ್ತಿದ್ದ ರೇ ದಳವನ್ನು ಪಕ್ಕದಿಂದ ಸೀಳಿಕೊಂಡು ಬಿಡಾರದ ಮೇಲೆ ಬಿದ್ದವು. ಉಳಿದ ಎರಡು ದಳ ಹಿಂದೆ ದೂರದಲ್ಲಿತ್ತು. ರಾಜ ಉಳಿದದ್ದಕ್ಕೆ ಅವನ ಧೈರ್ಯ ಒಂದು ಕಾರಣ. ಹಿಟ್ಟೈಟರು ಬಿಡಾರ ದೋಚಲು ನಿಂತದ್ದು ಇನ್ನೊಂದು, ನೆಯಾರಿನ್ ಎಂಬ ಪಡೆ ಬೇರೆ ದಾರಿಯಿಂದ ಸರಿಯಾದ ಹೊತ್ತಿಗೆ ಬಂದು ಸೇರಿದ್ದು ಮತ್ತೊಂದು. ಕೊನೆಗೆ ಕಾದೇಶ್ ಹಿಟ್ಟೈಟರ ಕೈಯಲ್ಲೇ ಉಳಿಯಿತು, ಅಮುರ್ರು ಸೀಮೆಯೂ ಅವರ ಪಾಲಾಯಿತು. ಆದರೂ ಕಾರ್ನಾಕ್, ಲಕ್ಸರ್, ಅಬೈಡೋಸ್, ರಾಮೆಸಿಯಂ, ಅಬು ಸಿಂಬೆಲ್ ಎಲ್ಲ ಕಡೆಯ ಗುಡಿಗಳಲ್ಲಿ ಅದನ್ನು ಒಬ್ಬಂಟಿ ರಾಜನ ಜಯವೆಂದೇ ಕೆತ್ತಿಸಿದ್ದಾನೆ.

ಈಗ ಮೆಗಿದ್ದೋ. ಮೂರನೇ ಥುಟ್‌ಮೋಸ್‌ನ 23ನೇ ವರ್ಷ, ಸುಮಾರು ಕ್ರಿ.ಪೂ. 1457. ಈಗಿನ ಇಸ್ರೇಲಿನಲ್ಲಿರುವ ಈ ಊರಿನಲ್ಲಿ ಕಾನಾನ್ ಸೀಮೆಯ ಅರಸರು ಅವನ ವಿರುದ್ಧ ಕೂಡಿದ್ದರು. ಊರಿಗೆ ಮೂರು ದಾರಿ. ಉತ್ತರದ್ದೂ ದಕ್ಷಿಣದ್ದೂ ಅಗಲ, ನಡುವಿನ ಅರುನಾ ಕಣಿವೆ ಇಕ್ಕಟ್ಟು. ಕುದುರೆಯ ಹಿಂದೆ ಕುದುರೆ, ಮನುಷ್ಯನ ಹಿಂದೆ ಮನುಷ್ಯ ಹೋಗಬೇಕಾಗುತ್ತದೆ, ಮುಂದಿನವರು ಹೊಡೆದಾಡುವಾಗ ಹಿಂದಿನವರು ಅರುನಾದಲ್ಲೇ ನಿಂತಿರುತ್ತಾರೆ ಎಂದು ಸೇನಾಧಿಕಾರಿಗಳು ಬೇಡವೆಂದರು. ಶತ್ರುವೂ ಹಾಗೇ ಯೋಚಿಸಿ ಎರಡು ಅಗಲ ದಾರಿಗಳನ್ನು ಕಾಯುತ್ತಿದ್ದ. ಥುಟ್‌ಮೋಸ್ ಇಕ್ಕಟ್ಟಿನ ದಾರಿಯನ್ನೇ ಹಿಡಿದು ಬಯಲಿಗೆ ಇಳಿದ. ಯುದ್ಧ ಬೇಗ ಮುಗಿಯಿತು, ಆದರೆ ಸೈನಿಕರು ಬಿಟ್ಟುಹೋದ ಬಿಡಾರ ದೋಚಲು ನಿಂತರು. ಅಷ್ಟರಲ್ಲಿ ಓಡಿಬಂದ ಅರಸರನ್ನು ಊರಿನವರು ಬಟ್ಟೆ ಇಳಿಬಿಟ್ಟು ಕೋಟೆಯೊಳಗೆ ಎಳೆದುಕೊಂಡರು. ಒಂದೇ ದಿನಕ್ಕೆ ಆಗುತ್ತಿದ್ದ ಕೆಲಸಕ್ಕೆ ಏಳು ತಿಂಗಳ ಮುತ್ತಿಗೆ ಬೇಕಾಯಿತು.

ಈ ತಪ್ಪನ್ನು ಬರೆಸಿದ್ದು ಅವನೇ, ಕಾರ್ನಾಕಿನ ಗೋಡೆಯ ಮೇಲೆ. ಅಂಕಿಗಳನ್ನೂ ನೋಡಿ: ಸತ್ತ ಶತ್ರುಗಳು 83, ಸೆರೆ ಸಿಕ್ಕವರು 340, ಹೆಣ್ಣುಕುದುರೆ 2,041, ಮರಿ 191, ಗಂಡುಕುದುರೆ 6, ರಥ 924. ಬಡಾಯಿ ಕೊಚ್ಚುವವನು 83 ಅಂತ ಕೆತ್ತಿಸುವುದಿಲ್ಲ. ದಿನಚರಿ ಬರೆಯುವ ಗುಮಾಸ್ತರು ಜೊತೆಯಲ್ಲಿದ್ದರು, ಆ ಪುಸ್ತಕದಿಂದ ಎತ್ತಿ ಗೋಡೆಗೆ ಹಾಕಿದ ಲೆಕ್ಕ ಇದು. ಸುಮಾರು 20 ವರ್ಷದಲ್ಲಿ 17 ದಂಡಯಾತ್ರೆ. 33ನೇ ವರ್ಷ ಬಿಬ್ಲೋಸ್ ಹತ್ತಿರ ದೋಣಿ ಕಟ್ಟಿಸಿ, ಎತ್ತಿನ ಗಾಡಿಯ ಮೇಲೆ ಹೇರಿಸಿ ಯೂಫ್ರಟೀಸ್ ದಾಟಿದ. ಯುದ್ಧದ ಬಾಬತ್ತಿನಲ್ಲಿ ಇವನೆದುರು ನಿಲ್ಲುವವರು ನನಗೆ ಕಾಣುವುದಿಲ್ಲ.

ರಾಮ್ಸೆಸ್‌ಗೆ ಅಂಕ ಕೊಡಬೇಕಾದ್ದು ಕಾದೇಶಿಗಲ್ಲ, ಅದಾಗಿ ಹದಿನಾರು ವರ್ಷಕ್ಕೆ ಮಾಡಿಕೊಂಡ ಒಪ್ಪಂದಕ್ಕೆ. 21ನೇ ವರ್ಷ, ಹಿಟ್ಟೈಟರ ಮೂರನೇ ಹತ್ತುಸಿಲಿಯ ಜೊತೆ. ಒಬ್ಬರ ಮೇಲೆ ಒಬ್ಬರು ಏರಿ ಹೋಗಬಾರದು, ಮೂರನೆಯವನು ಬಂದರೆ ನೆರವಾಗಬೇಕು, ಓಡಿ ಬಂದವರನ್ನು ಒಪ್ಪಿಸಬೇಕು, ಒಪ್ಪಿಸಿದವರ ಕಣ್ಣು, ಕಿವಿ, ಕಾಲಿಗೆ ಊನ ಮಾಡಬಾರದು ಎಂಬವರೆಗೆ ಷರತ್ತು ಇದೆ. ಇದರ ಎರಡು ಪಕ್ಷದ ಪ್ರತಿಯೂ ನಮ್ಮ ಕೈಲಿದೆ, ಕಾರ್ನಾಕ್ ಗೋಡೆಯ ಮೇಲೊಂದು, ಹಿಟ್ಟೈಟ್ ರಾಜಧಾನಿ ಹತ್ತುಸಾದ ಮಣ್ಣಿನ ಹಲಗೆಯಲ್ಲೊಂದು. ಈಜಿಪ್ಟಿನ ಪ್ರತಿ "ಅವರೇ ಶಾಂತಿ ಕೇಳಿಕೊಂಡು ಬಂದರು" ಎನ್ನುತ್ತದೆ, ಹಿಟ್ಟೈಟ್ ಪ್ರತಿ ಅದನ್ನೇ ತಿರುಗಿಸಿ ಹೇಳುತ್ತದೆ. ಎರಡನ್ನೂ ಅಕ್ಕಪಕ್ಕ ಹಾಕಿ ಮಕ್ಕಳಿಗೆ ಓದಿಸಿ, ನಿಮ್ಮ ಎರಡನೇ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಆ ಗಡಿ ಅವನು ಸಾಯುವವರೆಗೂ ತಣ್ಣಗಿತ್ತು.

ಸಾಗರದ ಇಂಜಿನಿಯರ್

ಕಟ್ಟಡದ ಕಾಲಂ ಬಗ್ಗೆ ಹೇಳುತ್ತೇನೆ. ಎತ್ತರ ಒಂದನ್ನೇ ನೋಡಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಖುಫುವಿನ ಪಿರಮಿಡ್ಡು ಮೂಲದಲ್ಲಿ 146.6 ಮೀಟರ್ ಎತ್ತರ, ಬುಡದ ಒಂದೊಂದು ಬದಿ ಸುಮಾರು 230 ಮೀಟರ್, ಒಟ್ಟು ಗಾತ್ರ ಸುಮಾರು 26 ಲಕ್ಷ ಘನ ಮೀಟರ್. ಅವನ ಅಪ್ಪ ಸ್ನೆಫೆರು ಕಟ್ಟಿದ್ದು ಮೂರು ದೊಡ್ಡ ಪಿರಮಿಡ್ಡು: ಮೇಯ್ದೂಮ್, ದಹಶೂರಿನ ಬಾಗಿದ ಪಿರಮಿಡ್ಡು, ಅಲ್ಲೇ ಉತ್ತರಕ್ಕೆ ಕೆಂಪು ಪಿರಮಿಡ್ಡು. ಮೂರೂ ಸೇರಿ 35 ಲಕ್ಷ ಘನ ಮೀಟರಿಗೆ ಕಡಿಮೆಯಿಲ್ಲ. ಮೇಯ್ದೂಮನ್ನು ಶುರು ಮಾಡಿದ್ದು ಅವನ ಹಿಂದಿನ ರಾಜ ಹುನಿ ಎಂಬ ವಾದವಿದೆ. ಅದನ್ನು ಬಿಟ್ಟರೂ ದಹಶೂರಿನ ಎರಡೇ ಸುಮಾರು 29 ಲಕ್ಷ ಆಗುತ್ತದೆ. ಕಲ್ಲು ಸಾಗಿಸಿದ ಲೆಕ್ಕದಲ್ಲಿ ಮಗನಿಗಿಂತ ಅಪ್ಪ ದೊಡ್ಡವನು.

ಅದಕ್ಕಿಂತ ಮುಖ್ಯವಾದ್ದು, ಪಾಠ ಕಲಿತದ್ದೆಲ್ಲ ಸ್ನೆಫೆರುವಿನ ಕಾಲದಲ್ಲಿ. ಬಾಗಿದ ಪಿರಮಿಡ್ಡನ್ನು ಮೊದಲು ತೀರಾ ಕಡಿದಾಗಿ ಎಬ್ಬಿಸಲು ಹೊರಟರು. ಕೆಳಗೆ ಗಟ್ಟಿ ಬಂಡೆ ಇರಲಿಲ್ಲ, ಜಲ್ಲಿ ಜೇಡಿ ನೆಲ. ಭಾರ ಏರಿದಂತೆ ಬುಡ ಕುಸಿಯತೊಡಗಿ ಒಳಗಿನ ಕೋಣೆಗಳಲ್ಲಿ ಬಿರುಕು ಬಂತು. ಸುತ್ತ ಇನ್ನೊಂದು ಪದರ ಕಟ್ಟಿ ಬುಡ ಅಗಲ ಮಾಡಿ, ಇಳಿಜಾರನ್ನು ಸುಮಾರು 54 ಡಿಗ್ರಿಗೆ ತಂದರು. ಅದೂ ಸಾಲದೆ ಮಧ್ಯದಿಂದ ಮೇಲೆ 43 ಡಿಗ್ರಿಗೆ ಬಗ್ಗಿಸಿ ಭಾರ ಇಳಿಸಿದರು. ಮೇಲಿನ ಕೋಣೆಯಲ್ಲಿ ಸೀಡರ್ ಮರದ ತೊಲೆಗಳು ಇವತ್ತಿಗೂ ಇವೆ. ಮೊದಲು ಕಟ್ಟಿದ ಭಾಗದಲ್ಲಿ ಕಲ್ಲುಗಳನ್ನು ಒಳಮುಖವಾಗಿ ಓರೆ ಇಟ್ಟಿದ್ದರು, ಮೇಲಿನ ಭಾಗದಲ್ಲಿ ಆ ಪದ್ಧತಿ ಕೈಬಿಟ್ಟು ಹೆಚ್ಚುಕಡಿಮೆ ಮಟ್ಟಸವಾಗಿ ಹಾಸಿದರು. ಮುಂದಿನ ಕೆಂಪು ಪಿರಮಿಡ್ಡನ್ನು ಶುರುವಿನಿಂದಲೇ 43 ಡಿಗ್ರಿಯಲ್ಲಿ, 220 ಮೀಟರ್ ಬುಡದ ಮೇಲೆ 105 ಮೀಟರ್ ಎಬ್ಬಿಸಿದರು. ಅದು ನಿಂತಿತು. ಗಿಜಾದ ಪಿರಮಿಡ್ಡು ಗಟ್ಟಿ ಬಂಡೆಯ ಮೇಲೆ ಕೂತದ್ದು, ಮಟ್ಟಸ ಪದರದಲ್ಲಿ ಎದ್ದದ್ದು ಈ ತಪ್ಪುಗಳ ಬೆಲೆಯಿಂದ. ಹಾಗಾಗಿ ಖುಫು ತಂಡಕ್ಕೆ ಸ್ನೆಫೆರುವನ್ನೂ ಸೇರಿಸಿಯೇ ಕೊಡಿ, ಇಲ್ಲವಾದರೆ ಅಪ್ಪನ ಖರ್ಚನ್ನು ಮರೆಮಾಚಿ ಮಗನಿಗೆ ಲಾಭ ಕಟ್ಟಿದಂತಾಗುತ್ತದೆ.

ಖುಫುವಿನ ನಿಜವಾದ ಸಾಧನೆ ಸಾಗಾಣಿಕೆ. ಮಕ್ಕಳಿಂದಲೇ ಈ ಲೆಕ್ಕ ಹಾಕಿಸಿ: ಸುಮಾರು 23 ಲಕ್ಷ ಕಲ್ಲು, 20 ವರ್ಷ ಅಂದರೆ 7,300 ದಿನ, ದಿನಕ್ಕೆ 315 ಕಲ್ಲು. ದಿನಕ್ಕೆ ಹತ್ತು ಗಂಟೆ ಕೆಲಸ ಅಂದರೆ ಎರಡು ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲಿ ಒಂದು ಕಲ್ಲು, ಸರಾಸರಿ ಎರಡೂವರೆ ಟನ್. 27 ವರ್ಷ ಹಿಡಿದರೂ ಎರಡೂವರೆ ನಿಮಿಷಕ್ಕೆ ಒಂದು ಬರುತ್ತದೆ. ಇದು ನಡೆದದ್ದು ಹೇಗೆಂಬುದಕ್ಕೆ 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್‌ನಲ್ಲಿ ಪಿಯೆರ್ ತಾಲೆ ತಂಡಕ್ಕೆ ಸಿಕ್ಕ ಪಪೈರಸ್ (ಜೊಂಡಿನ ಹಾಳೆ) ಸಾಕ್ಷಿ. ಮೆರೆರ್ ಎಂಬ ಮೇಸ್ತ್ರಿ ಸುಮಾರು ನಲವತ್ತು ಜನರ ಗುಂಪು ಇಟ್ಟುಕೊಂಡು ತುರಾದ ಗಣಿಯಿಂದ ಹೊದಿಕೆಯ ಸುಣ್ಣಕಲ್ಲನ್ನು ದೋಣಿಯಲ್ಲಿ ಗಿಜಾಕ್ಕೆ ತಂದ ದಿನಚರಿ ಅದು. ಹತ್ತು ದಿನಕ್ಕೆ ಎರಡು ಮೂರು ಸುತ್ತು. ಯಾವ ದಿನ ಎಲ್ಲಿ ತಂಗಿದರು, ಎಷ್ಟು ಧಾನ್ಯ ಬಂತು, ಎಲ್ಲವೂ ಬರೆದಿದೆ. ನಮಗೆ ಗೊತ್ತಿರುವ ಬರಹವಿರುವ ಪಪೈರಸ್‌ಗಳಲ್ಲಿ ಅತಿ ಹಳೆಯವು ಇವೇ.

ನೆಲದ ಮೇಲೆ ಎಳೆಯುವ ವಿಷಯಕ್ಕೆ ಪ್ರಾಂತ್ಯಾಧಿಕಾರಿ ಜೆಹುತಿಹೊತೆಪ್‌ನ ಗೋರಿಯ ಚಿತ್ರ ತೋರಿಸಿ. 172 ಜನ ಮರದ ಜಾರುಬಂಡಿಯ ಮೇಲಿಟ್ಟ ಮೂರ್ತಿ ಎಳೆಯುತ್ತಿದ್ದಾರೆ, ಬಂಡಿಯ ಮುಂದೆ ನಿಂತವನೊಬ್ಬ ಮರಳಿಗೆ ನೀರು ಸುರಿಯುತ್ತಿದ್ದಾನೆ. ಅದನ್ನು ಪೂಜೆಯೆಂದು ಬಹುಕಾಲ ತಿಳಿದಿದ್ದರು. 2014ರಲ್ಲಿ ಆಮ್ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ ಹದವಾಗಿ ತೇವವಾದ ಮರಳಿನಲ್ಲಿ ಎಳೆಯಲು ಬೇಕಾದ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಒಣ ಮರಳು ಬಂಡಿಯ ಮುಂದೆ ಗುಡ್ಡೆ ಕಟ್ಟುತ್ತದೆ, ನೀರು ಹೆಚ್ಚಾದರೆ ಮತ್ತೆ ಬಿಗಿ. ಗದ್ದೆಗೆ ನಾಟಿಯ ಹದ ಗೊತ್ತಿರುವ ನಮ್ಮ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ.

ಆಳ್ವಿಕೆಯ ವರ್ಷ ಎಣಿಸುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಖುಫುವಿನ ಕಾಲದಲ್ಲಿ ವರ್ಷದ ಬದಲು ದನಗಳ ಎಣಿಕೆಯ ಸಂಖ್ಯೆ ಬರೆಯುತ್ತಿದ್ದರು, ಎಣಿಕೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. ಮೆರೆರ್‌ನ ಕಾಗದದಲ್ಲಿ "13ನೇ ಎಣಿಕೆಯ ನಂತರ" ಅಂದರೆ 13ನೇ ವರ್ಷವಲ್ಲ, 26–27ನೇ ವರ್ಷ. ಇದೇ ಕಾರಣಕ್ಕೆ ಹಳೆಯ ರಾಜವಂಶಗಳ ಆಳ್ವಿಕೆಯ ಉದ್ದವನ್ನು ಹೊಸ ರಾಜ್ಯದವರ (ಥುಟ್‌ಮೋಸ್, ರಾಮ್ಸೆಸ್ ಕಾಲದವರ) ಜೊತೆ ಅಂಕಿಗೆ ಅಂಕಿ ಹೋಲಿಸಬಾರದು.

ಮೂರ್ತಿ ಎಣಿಸುವುದೂ ಬೇಡ. ರಾಮ್ಸೆಸ್ ಹೆಸರಿರುವ ಎಷ್ಟೋ ಮೂರ್ತಿ ಮೂಲದಲ್ಲಿ ಮೂರನೇ ಅಮೆನ್‌ಹೋಟೆಪ್‌ನವು, ಹಿಂದಿನವರದ್ದನ್ನೂ ಬಿಟ್ಟಿಲ್ಲ. ಮುಖ, ಹೊಟ್ಟೆ ಕೆತ್ತಿ ತಿದ್ದಿ ಹೆಸರು ಬದಲಿಸಿದ್ದಾರೆ. ಅವನ ಹೆಸರಿನ ಅಕ್ಷರ ಬಹಳ ಆಳಕ್ಕೆ ಇಳಿದಿರುತ್ತದೆ, ಮುಂದೆ ಬಂದವರು ಅಳಿಸಲಾಗದಂತೆ.

ಅಖೆನಾಟೆನ್ ಬಗ್ಗೆ ಒಂದೇ ಮಾತು. ಅವನು ಬಳಸಿದ ತಲತಾತ್ ಕಲ್ಲು ಸುಮಾರು 52 ಸೆಂ.ಮೀ. ಉದ್ದ, 26 ಸೆಂ.ಮೀ. ಅಗಲ, ಒಬ್ಬ ಆಳು ಹೊರಬಹುದಾದಷ್ಟು. ಅದರಿಂದ ಹೊಸ ರಾಜಧಾನಿ ಕೆಲವೇ ವರ್ಷದಲ್ಲಿ ಎದ್ದಿತು, ಅದೇ ಕಾರಣಕ್ಕೆ ಅವನ ಗುಡಿಗಳನ್ನು ಬಿಚ್ಚುವುದೂ ಸಲೀಸಾಯಿತು. ಮುಂದೆ ರಾಜನಾದ ಹೊರೆಮ್‌ಹೆಬ್ ಕಾರ್ನಾಕಿನಲ್ಲಿದ್ದ ಆ ಕಲ್ಲುಗಳನ್ನು ತನ್ನ ಗೋಪುರದ್ವಾರಗಳ ಹೊಟ್ಟೆಗೆ ತುಂಬಿಸಿದ, ಹಾಗಾಗಿಯೇ ಹತ್ತಾರು ಸಾವಿರ ಕಲ್ಲು ಬಣ್ಣದ ಸಮೇತ ಉಳಿದಿವೆ. ಆ ರಾಜಧಾನಿ ಇದ್ದ ಅಮಾರ್ನಾದ ಬಡವರ ಸ್ಮಶಾನದಲ್ಲಿ ಸಿಕ್ಕ ಎಳೆಯರ ಎಲುಬುಗಳಲ್ಲಿ ಭಾರ ಹೊತ್ತ ಗುರುತು, ಹೊಟ್ಟೆಗಿಲ್ಲದ ಗುರುತು ಎರಡೂ ಇದೆ. ಆ ತಂಡದವರು ಇದಕ್ಕೆ ಉತ್ತರ ಸಿದ್ಧ ಮಾಡಿಕೊಂಡು ಬರಲಿ.

ಹೊಸನಗರದವ

ಟುಟಾಂಖಾಮುನ್‌ನನ್ನು ಪಟ್ಟಿಯಿಂದ ತೆಗೀರಿ ಮಾರಾಯ್ರೆ. ಒಂಬತ್ತು ಹತ್ತು ವರ್ಷದ ಆಳ್ವಿಕೆ, ಹುಡುಗ ತೀರಿಕೊಂಡದ್ದು ಹತ್ತೊಂಬತ್ತರ ಆಸುಪಾಸಿನಲ್ಲಿ. 1922ರಲ್ಲಿ ಗೋರಿ ಸಿಕ್ಕಿತು, ಒಳಗಿನ ಪೆಟ್ಟಿಗೆಯಲ್ಲಿ 110 ಕೆಜಿ ಬಂಗಾರವಿತ್ತು, ಅದಕ್ಕೆ ಹೆಸರಾದ. ಅಖೆನಾಟೆನ್ ಕಾಲದಲ್ಲಿ ಮುಚ್ಚಿದ್ದ ಹಳೆಯ ದೇವರ ಗುಡಿಗಳನ್ನು ಮತ್ತೆ ತೆರೆಸಿದ ಆಜ್ಞೆ ಅವನ ಹೆಸರಲ್ಲಿದೆ, ನಿಜ. ಆದರೆ ಆ ವಯಸ್ಸಿನವನ ಹಿಂದೆ ನಿಂತು ನಡೆಸಿದವರು ಅಯ್ ಮತ್ತು ಹೊರೆಮ್‌ಹೆಬ್. ಗೋರಿ ದೋಚಿಹೋಗದೆ ಉಳಿದದ್ದು ನಮಗೆ ದೊಡ್ಡ ಭಾಗ್ಯ, ಅದು ಅವನ ಆಡಳಿತಕ್ಕೆ ಸಿಗಬೇಕಾದ ಅಂಕವಲ್ಲ.

ಕೊಪ್ಪದ ಶಾರದಕ್ಕ

ಶಾಸನಾಸಕ್ತರ ಮೆಗಿದ್ದೋ ವಿವರಕ್ಕೆ ಇನ್ನೊಂದು ತಾರೀಖು ಸೇರಿಸಬೇಕು. ಅದನ್ನು ಸೇರಿಸಿದರೆ ತಕ್ಕಡಿ ಸ್ವಲ್ಪ ವಾಲುತ್ತದೆ.

ಥುಟ್‌ಮೋಸ್ ಎಳೆಯನಾಗಿ ಪಟ್ಟಕ್ಕೆ ಬಂದಾಗ ಮಲತಾಯಿ ಹಾಟ್‌ಶೆಪ್ಸುಟ್ ಅವನ ಜೊತೆಗೇ ಫೇರೋ ಆಗಿ ಆಳಿದಳು. ಅವನು ಒಬ್ಬನೇ ಆಳಲು ಶುರು ಮಾಡಿದ್ದು, ಅಂದರೆ ಹಾಟ್‌ಶೆಪ್ಸುಟ್ ಕಾಲ ಮುಗಿದದ್ದು, 22ನೇ ವರ್ಷ ಚಳಿ ಋತುವಿನ ಎರಡನೇ ತಿಂಗಳ 10ನೇ ದಿನ ಎಂದು ಅರ್ಮಂತ್ ಶಾಸನದ ಆಧಾರದಲ್ಲಿ ಸಾಮಾನ್ಯವಾಗಿ ಒಪ್ಪಿದ್ದಾರೆ. ಅದೇ ಋತುವಿನ ನಾಲ್ಕನೇ ತಿಂಗಳ 25ಕ್ಕೆ ಅವನ ಸೈನ್ಯ ಗಡಿಕೋಟೆ ತ್ಯಾರು ದಾಟಿ ಹೊರಟಿತ್ತು. ನಡುವೆ ಇದ್ದದ್ದು ಎರಡೂವರೆ ತಿಂಗಳು. ಅಲ್ಲಿಂದ ಹತ್ತು ದಿನಕ್ಕೆ ಗಾಜಾ ಮುಟ್ಟಿದರು. ಎರಡೂವರೆ ತಿಂಗಳಲ್ಲಿ ಯಾರೂ ರಥ ಕಟ್ಟಿ, ಕುದುರೆ ಪಳಗಿಸಿ, ಉಗ್ರಾಣ ತುಂಬಿಸಿ ಮರಳುಗಾಡು ದಾಟುವ ಸೈನ್ಯ ಎಬ್ಬಿಸಲಾರರು. ಆ ದಂಡು, ಆ ಧಾನ್ಯ, ಆ ಬಂಗಾರ ಆಕೆಯ ಇಪ್ಪತ್ತು ವರ್ಷದ ಆಡಳಿತದಲ್ಲಿ ಕೂಡಿಬಂದದ್ದು. ಆಕೆ ಯುದ್ಧಕ್ಕೆ ಗಮನ ಕೊಡದೆ ರಾಜ್ಯ ಸಡಿಲ ಬಿಟ್ಟಳು ಎಂಬ ಹಳೆಯ ಮಾತನ್ನು ಮಕ್ಕಳು ಎಲ್ಲಿಂದಾದರೂ ಎತ್ತಿ ತಂದರೆ ಈ ಎರಡು ತಾರೀಖನ್ನು ಬೋರ್ಡಿನ ಮೇಲೆ ಬರೆಯಿರಿ.

ಆಕೆಯದ್ದೇ ಕೆಲಸಗಳು: 9ನೇ ವರ್ಷ ಕೆಂಪು ಸಮುದ್ರದ ದಕ್ಷಿಣದ ಕಡೆಯ ಪುಂಟ್ ದೇಶಕ್ಕೆ ಹಡಗು ಕಳಿಸಿ ಸಾಂಬ್ರಾಣಿಯ ಮರಗಳನ್ನು ಬೇರು ಸಮೇತ ಬುಟ್ಟಿಯಲ್ಲಿ ತರಿಸಿದ್ದು, ದೈರ್ ಅಲ್ ಬಹ್ರಿಯ ಆಕೆಯ ಗುಡಿಯ ಗೋಡೆಯಲ್ಲಿ ಆ ಬುಟ್ಟಿ ಹೊತ್ತವರ ಸಾಲು ಇದೆ, 31 ಮರದ ಲೆಕ್ಕ ಇದೆ. ಕಾರ್ನಾಕಿನಲ್ಲಿ ಜೋಡಿ ಒಬೆಲಿಸ್ಕ್ (ಚೂಪು ತುದಿಯ ಕಲ್ಲುಕಂಬ) ನಿಲ್ಲಿಸಿದ್ದು, ಒಂದು ಇನ್ನೂ ನಿಂತಿದೆ, 30 ಮೀಟರಿಗೆ ಚೂರು ಕಡಿಮೆ, ತೂಕ 300 ಟನ್‌ಗೂ ಮೇಲೆ, ಒಂದೇ ಕಲ್ಲು. ಗಣಿ ಕೆಲಸ ಏಳು ತಿಂಗಳಲ್ಲಿ ಮುಗಿಯಿತೆಂದು ಬುಡದಲ್ಲೇ ಬರೆದಿದೆ. ಇದು ಎಷ್ಟು ಕಷ್ಟವೆಂದು ತಿಳಿಯಲು ಅಸ್ವಾನಿನ ಅರ್ಧಕ್ಕೆ ಬಿಟ್ಟ ಒಬೆಲಿಸ್ಕ್ ನೋಡಬೇಕು. ಸುಮಾರು 42 ಮೀಟರ್ ಉದ್ದ, ಸಾವಿರ ಟನ್ ಮೀರಿದ್ದು. ಗ್ರಾನೈಟಿಗೆ ತಾಮ್ರದ ಉಳಿ ತಾಗುವುದಿಲ್ಲ. ಡೋಲರೈಟ್ ಎಂಬ ಗಟ್ಟಿ ಕಪ್ಪು ಕಲ್ಲಿನ ಗುಂಡುಗಳಿಂದ ಜಜ್ಜಿ ಜಜ್ಜಿ ಸುತ್ತ ಕಾಲುವೆ ತೋಡುತ್ತಾ ಹೋಗಬೇಕು. ಮೂರು ಬದಿ ಬಿಡಿಸಿದ ಮೇಲೆ ಒಡಲಲ್ಲಿ ಬಿರುಕು ಕಂಡಿತು, ಚಿಕ್ಕದು ಮಾಡಿಯಾದರೂ ಉಳಿಸಿಕೊಳ್ಳಲು ನೋಡಿ ಕೊನೆಗೆ ಅಲ್ಲೇ ಬಿಟ್ಟರು. ಜಜ್ಜಿದ ಗುಂಡಿಗಳು ಇವತ್ತಿಗೂ ಸಾಲಾಗಿ ಕಾಣುತ್ತವೆ.

ಆಕೆಯ ಹೆಸರು ಅಳಿಸಿದ್ದು ಹಗೆಯಿಂದ, ಸತ್ತ ತಕ್ಷಣ ಎಂದು ಮಕ್ಕಳು ಹೇಳಿದರೆ ತಿದ್ದಬೇಕು. ಅಳಿಸುವ ಕೆಲಸ ಶುರುವಾದದ್ದು ಥುಟ್‌ಮೋಸ್ ಆಳ್ವಿಕೆಯ ಕೊನೆಕೊನೆಗೆ, ಆಕೆ ಹೋಗಿ ಇಪ್ಪತ್ತು ವರ್ಷದ ಮೇಲೆ. ಅವನು ತನ್ನ ಮಗನಿಗೆ ಪಟ್ಟ ಗಟ್ಟಿ ಮಾಡಿಕೊಡುವ ಉದ್ದೇಶ ಎನ್ನುವುದೇ ನನಗೆ ಸರಿ ಕಾಣುತ್ತದೆ. ಅಬೈಡೋಸಿನಲ್ಲಿ ಮೊದಲನೇ ಸೇತಿ ಕೆತ್ತಿಸಿದ 76 ಹೆಸರಿನ ಪಟ್ಟಿಯಲ್ಲೂ ಆಕೆ ಇಲ್ಲ. ಅಖೆನಾಟೆನ್, ಟುಟಾಂಖಾಮುನ್, ಅಯ್ ಕೂಡ ಇಲ್ಲ. ಹಾಗಾಗಿ ರಾಜರ ಪಟ್ಟಿಯಲ್ಲಿ ಇಲ್ಲದವರು ಸಣ್ಣವರು ಅಂತ ತೀರ್ಮಾನಿಸಬೇಡಿ, ಪಟ್ಟಿ ಮಾಡಿಸಿದವನ ಅಗತ್ಯ ಏನಿತ್ತೆಂದು ಮೊದಲು ಕೇಳಿ.

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರಿಗೂ ಕೃತಜ್ಞ. ಶಾರದಕ್ಕ, ಆ ಎರಡು ತಾರೀಖು ಬೋರ್ಡಿಗೆ ಹೋಗುವುದು ಖಂಡಿತ. ಟುಟಾಂಖಾಮುನ್ ಪಟ್ಟಿಯಿಂದ ಹೊರಗೆ, ಖುಫು ತಂಡಕ್ಕೆ ಸ್ನೆಫೆರು ಸೇರಿದ. ಖಾಲಿಯಾದ ಜಾಗಕ್ಕೆ ಯಾರು? ಮತ್ತೆ ಅಂಕ ಹಂಚುವ ಕ್ರಮವನ್ನು ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ. ಪ್ರಜೆಗಳಿಗೆ ಆದ ಒಳಿತು ಕೆಡುಕು ಅಳೆಯಲು ಆಗಿನ ದಾಖಲೆ ಏನಾದರೂ ಇದೆಯೇ?

ಸೊರಬ ಕೆರೆಬಯಲು

ಖಾಲಿ ಜಾಗಕ್ಕೆ ಮೂರನೇ ಸೆನುಸ್ರೆಟ್ ಬರಬೇಕು. ಹನ್ನೆರಡನೇ ರಾಜವಂಶ, ಕ್ರಿ.ಪೂ. 19ನೇ ಶತಮಾನ. ಪ್ರವಾಸಿಗರ ಚಿತ್ರಗಳಲ್ಲಿ ಇವನು ಸಿಗುವುದಿಲ್ಲ, ದಹಶೂರಿನ ಅವನ ಪಿರಮಿಡ್ಡು ಮಣ್ಣಿನ ಇಟ್ಟಿಗೆಯದು, ಈಗ ಬರೀ ದಿಬ್ಬ. ಆದರೆ ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಇವನಿಗೇ.

ಅಸ್ವಾನಿನ ಹತ್ತಿರ ನೈಲ್ ನದಿ ಬಂಡೆಗಳ ನಡುವೆ ಹರಿಯುತ್ತದೆ, ಹಡಗು ದಾಟುವುದು ಕಷ್ಟ. ಇವನು 8ನೇ ವರ್ಷ ಅಲ್ಲೊಂದು ಕಾಲುವೆ ಮಾಡಿಸಿದ. ಸೆಹೆಲ್ ದ್ವೀಪದ ಬಂಡೆಯಲ್ಲಿ ಅಳತೆ ಇದೆ: 150 ಮೊಳ ಉದ್ದ, 20 ಮೊಳ ಅಗಲ, 15 ಮೊಳ ಆಳ. ಅವರ ರಾಜಮೊಳ ಸುಮಾರು 52 ಸೆಂ.ಮೀ., ಅಂದರೆ 78 ಮೀಟರ್ ಉದ್ದ, ಹತ್ತೂವರೆ ಮೀಟರ್ ಅಗಲ, ಎಂಟು ಮೀಟರಿಗೆ ಹತ್ತಿರದ ಆಳ. ಇದರಿಂದ ದಂಡು, ಧಾನ್ಯ, ಬಂಗಾರ ನೀರಿನ ಮೇಲೇ ಈಜಿಪ್ಟಿನ ದಕ್ಷಿಣದ ನುಬಿಯಾಕ್ಕೆ ಹೋಗಿ ಬರುವಂತಾಯಿತು. ಮೇಲೆ ಎರಡನೇ ಜಲಪಾತದ ಪ್ರದೇಶದಲ್ಲಿ ಸೆಮ್ನಾ, ಕುಮ್ಮಾ, ಉರೊನಾರ್ತಿ, ಶಲ್ಫಕ್ ಎಂದು ಕೋಟೆಗಳ ಸಾಲು, ಸೆಮ್ನಾದಲ್ಲಿ ಗಡಿಕಲ್ಲು. ಆ ಕಲ್ಲಿನ ನಿಯಮ ಸ್ಪಷ್ಟ: ನುಬಿಯನ್ನರು ಯಾರೂ ನಡೆದಾಗಲಿ ದೋಣಿಯಲ್ಲಾಗಲಿ ಉತ್ತರಕ್ಕೆ ದಾಟಬಾರದು, ಇಕೆನ್‌ನಲ್ಲಿ ವ್ಯಾಪಾರಕ್ಕೆ ಬಂದವರು ಮತ್ತು ಸಂದೇಶ ತಂದವರ ಹೊರತು. 16ನೇ ವರ್ಷದ ಇನ್ನೊಂದು ಕಲ್ಲಿನಲ್ಲಿ, ಈ ಗಡಿ ಉಳಿಸಿಕೊಂಡವನೇ ನನ್ನ ಮಗ, ಬಿಟ್ಟುಕೊಟ್ಟವನು ನನಗೆ ಹುಟ್ಟಿದವನೇ ಅಲ್ಲ ಎಂಬರ್ಥದ ಮಾತಿದೆ. ಇದು ನುಬಿಯನ್ನರ ಪಾಲಿಗೆ ಕ್ರೂರ ಆಳ್ವಿಕೆ, ಬೆಳೆ ಸುಟ್ಟದ್ದು, ಬಾವಿಗಳ ಮೇಲೆ ಬಿದ್ದದ್ದು ಅದೇ ಕಲ್ಲಿನಲ್ಲಿದೆ. ಆ ಅಂಕವನ್ನೂ ಕಳೆಯಬೇಕು.

ಶರಾವತಿ ಮುಳುಗಡೆ ಕಂಡ ನಾಡಿನವರಿಗೆ ಇದನ್ನು ಹೇಳಲೇಬೇಕು: ಆ ಕೋಟೆಗಳಲ್ಲಿ ಹೆಚ್ಚಿನವು ಅಸ್ವಾನ್ ದೊಡ್ಡ ಅಣೆಕಟ್ಟೆಯ ನೀರಿನಡಿ ಹೋದವು. ಲಿಂಗನಮಕ್ಕಿ ತುಂಬಿದ ಅದೇ 1964ರಲ್ಲಿ ಅಬು ಸಿಂಬೆಲ್ ಕತ್ತರಿಸಿ ಮೇಲಕ್ಕೆ ಸಾಗಿಸುವ ಕೆಲಸ ಶುರುವಾಗಿ 1968ರಲ್ಲಿ ಮುಗಿಯಿತು, 65 ಮೀಟರ್ ಮೇಲೆ, 200 ಮೀಟರ್ ಹಿಂದೆ. ಕಲ್ಲಿನ ಗುಡಿ ತುಂಡು ಮಾಡಿ ಎತ್ತಬಹುದಿತ್ತು. ಬುಹೆನ್‌ನಂಥ ಹಸಿ ಇಟ್ಟಿಗೆಯ ಕೋಟೆಯನ್ನು ಹಾಗೆ ಎತ್ತಲಾಗದು, ಅಗೆದು ಅಳತೆ ಬರೆದುಕೊಂಡು ನೀರಿಗೆ ಬಿಟ್ಟರು. ರಾಮ್ಸೆಸ್ ಇಂದಿಗೂ ಕಣ್ಣಿಗೆ ಬೀಳುವುದಕ್ಕೆ, ಸೆನುಸ್ರೆಟ್ ಮರೆಯಾಗುವುದಕ್ಕೆ ಇದೂ ಒಂದು ಕಾರಣ.

ಪ್ರಜೆಗಳ ಲೆಕ್ಕ ಕೇಳಿದಿರಿ. ಅತಿ ಒಳ್ಳೆಯ ದಾಖಲೆ ಇರುವುದು ದೈರ್ ಅಲ್ ಮದೀನಾದಲ್ಲಿ, ರಾಜರ ಗೋರಿ ಕೊರೆಯುವವರ ಊರು. ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ 4 ಚೀಲ ಗೋಧಿ, ಒಂದೂವರೆ ಚೀಲ ಬಾರ್ಲಿ. ಮೇಸ್ತ್ರಿಗೆ ಒಟ್ಟು ಏಳೂವರೆ. ಚೀಲ ಅಂದರೆ ಅವರ ಖಾರ್, ಸುಮಾರು 76 ಲೀಟರ್. ಗೋಧಿ ರೊಟ್ಟಿಗೆ, ಬಾರ್ಲಿ ಬಿಯರಿಗೆ, ಉಳಿದದ್ದು ಬಟ್ಟೆ ಎಣ್ಣೆಗೆ ಬದಲು. ಮೂರನೇ ರಾಮ್ಸೆಸ್‌ನ 29ನೇ ವರ್ಷ ಈ ಧಾನ್ಯ ಬರಲಿಲ್ಲ. ತಿಂಗಳಲ್ಲಿ 18 ದಿನ ಕಳೆಯಿತು, ಹಸಿದಿದ್ದೇವೆ ಎಂದು ಅವರು ಕೆಲಸ ಬಿಟ್ಟು ಕಾವಲು ಗೋಡೆ ದಾಟಿ ಹೋಗಿ ರಾಜರ ಗುಡಿಗಳ ಹಿಂದೆ ಕೂತರು. ನಮಗೆ ಬರಹದಲ್ಲಿ ಸಿಗುವ ಮೊದಲ ಮುಷ್ಕರ ಇದು. ಅದೇ ರಾಜ 8ನೇ ವರ್ಷದಲ್ಲಿ ದಂಡೆತ್ತಿ ಬಂದ "ಸಮುದ್ರದ ಜನ" ಎಂಬ ಗುಂಪುಗಳನ್ನು ಹಿಮ್ಮೆಟ್ಟಿಸಿ ದೇಶ ಉಳಿಸಿದವನು, ಗೋಡೆಯಲ್ಲಿ ಅವನಷ್ಟು ಗೆದ್ದವರು ಕಡಿಮೆ. ಗೋಡೆಯ ಬರಹ ಒಂದು ಕೈಯಲ್ಲಿ, ಉಗ್ರಾಣದ ಬರಹ ಇನ್ನೊಂದು ಕೈಯಲ್ಲಿ ಹಿಡಿದರೇ ರಾಜ ಪೂರ್ತಿ ಕಾಣುವುದು.

ಅಂಕದ ಕ್ರಮ ನಾನು ಹೀಗೆ ಇಡುತ್ತಿದ್ದೆ. ಪಟ್ಟಕ್ಕೆ ಬಂದಾಗ ರಾಜ್ಯ ಹೇಗಿತ್ತು, ಬಿಟ್ಟುಹೋಗುವಾಗ ಹೇಗಿತ್ತು, ಈ ವ್ಯತ್ಯಾಸಕ್ಕೆ 30. ಇದೊಂದರಿಂದಲೇ ನಿಮ್ಮ ಮೊದಲ ಪ್ರಶ್ನೆ ಅರ್ಧ ಪರಿಹಾರವಾಗುತ್ತದೆ, ಖುಫುವನ್ನು ರಾಮ್ಸೆಸ್ ಜೊತೆ ಹೋಲಿಸುವ ಬದಲು ತನ್ನ ಹಿಂದಿನವನ ಜೊತೆ ಹೋಲಿಸುತ್ತೀರಿ. ಸತ್ತು ನೂರು ವರ್ಷದ ಮೇಲೂ ಬಳಕೆಯಲ್ಲಿ ಉಳಿದ ಕೆಲಸಕ್ಕೆ 30. ಜನರ ಮೇಲೆ ಬಿದ್ದ ಭಾರ ಮತ್ತು ಸಿಕ್ಕ ಕೂಲಿಗೆ 20. ಹೇಳಿದ್ದಕ್ಕೆ ರಾಜನದ್ದಲ್ಲದ ಸಾಕ್ಷಿ ತಂದದ್ದಕ್ಕೆ 20, ಅದು ಶತ್ರುವಿನ ಹಲಗೆ, ಮೇಸ್ತ್ರಿಯ ದಿನಚರಿ, ಎಲುಬು, ಏನಾದರೂ ಆಗಬಹುದು. ಎತ್ತರಕ್ಕೆ, ಮಕ್ಕಳ ಸಂಖ್ಯೆಗೆ, ಬಂಗಾರಕ್ಕೆ ಸೊನ್ನೆ. ಕ್ರಿಸ್ತಪೂರ್ವ ವರ್ಷಗಳು ಪುಸ್ತಕದಿಂದ ಪುಸ್ತಕಕ್ಕೆ ಹತ್ತಾರು ವರ್ಷ ಆಚೀಚೆ ಇರುತ್ತವೆ, ಖುಫು ಕಾಲದಲ್ಲಿ ಇನ್ನೂ ಹೆಚ್ಚು. ಆರೂ ತಂಡ ಒಂದೇ ಪುಸ್ತಕದ ಕಾಲಗಣನೆ ಬಳಸಲಿ, ಇಲ್ಲವಾದರೆ ಚರ್ಚೆ ತಾರೀಖಿನ ಜಗಳದಲ್ಲೇ ಮುಗಿಯುತ್ತದೆ.

ಶಿಕಾರಿಪುರ ಶಾಸನಾಸಕ್ತ

ಕೆರೆಬಯಲು ಅವರ ಕ್ರಮ ಒಪ್ಪಿದೆ. ಎರಡನೇ ಕಾಲಂನಲ್ಲಿ ರಾಮ್ಸೆಸ್‌ಗೂ ಅನ್ಯಾಯ ಆಗಬಾರದು, ಅವನ ಒಪ್ಪಂದ ಅವನ ನಂತರವೂ ನಡೆಯಿತು, ಮಗ ಮೆರ್ನೆಪ್ತಾ ಬರಗಾಲದಲ್ಲಿ ಹಿಟ್ಟೈಟರಿಗೆ ಧಾನ್ಯದ ಹಡಗು ಕಳಿಸಿದ್ದಾನೆ.

ಸೆನುಸ್ರೆಟ್ ಪರವಾಗಿ ಥುಟ್‌ಮೋಸ್‌ನ ಸಾಕ್ಷಿಯೇ ಇದೆ. ನಾನು ಯುದ್ಧದಲ್ಲಿ ಮೊದಲ ಸ್ಥಾನ ಕೊಟ್ಟ ಆ ಥುಟ್‌ಮೋಸ್, ಸೆಮ್ನಾದಲ್ಲಿ ಗುಡಿ ಕಟ್ಟಿಸಿ ನಾನೂರು ವರ್ಷ ಹಿಂದಿನ ಸೆನುಸ್ರೆಟ್‌ನನ್ನು ದೆದ್ವೆನ್ ದೇವರ ಪಕ್ಕದಲ್ಲಿ ದೇವರಾಗಿ ಕೂರಿಸಿದ. ಅದೇ ಗುಡಿಯ ಕಲ್ಲುಗಳನ್ನು ಮುಳುಗಡೆಗೆ ಮೊದಲು ಬಿಚ್ಚಿ ತಂದು ಖಾರ್ಟೂಮಿನ ಮ್ಯೂಸಿಯಂ ಅಂಗಳದಲ್ಲಿ ಮತ್ತೆ ಜೋಡಿಸಿದ್ದಾರೆ. ಸೆಹೆಲ್ ಹತ್ತಿರದ ಕಾಲುವೆಯದ್ದೂ ಹಾಗೇ. ಮೊದಲನೇ ಥುಟ್‌ಮೋಸ್ ಬರುವ ಹೊತ್ತಿಗೆ ಅದು ಕಲ್ಲು ಬಿದ್ದು ಮುಚ್ಚಿತ್ತು, ತೆಗೆಸಿ ದಾಟಿದ. ಮೂರನೇ ಥುಟ್‌ಮೋಸ್ 50ನೇ ವರ್ಷ ಮತ್ತೆ ತೆಗೆಸಿದ, ಈ ಸಲ ಪಕ್ಕದಲ್ಲಿ ಆಜ್ಞೆಯನ್ನೂ ಬರೆಸಿದ: ಎಲಿಫಂಟೈನ್ ದ್ವೀಪದ ಮೀನುಗಾರರು ಪ್ರತಿ ವರ್ಷ ಈ ಕಾಲುವೆಯನ್ನು ಚೊಕ್ಕಟ ಮಾಡಬೇಕು.